ಸುಟ್ಟ ಮೈಗೆ ಎಷ್ಟು ಔಷಧಿ? (ಭಾಗ 3)

1942, ನವೆಂಬರ್ 28, ಶನಿವಾರ ರಾತ್ರಿ. ಅಮೆರಿಕದ ಬಾಸ್ಟನ್‌ನಲ್ಲಿ ಕೋಕೊನಟ್ ಗ್ರೋವ್ ನೈಟ್‌ಕ್ಲಬ್‌ಗೆ ಬೆಂಕಿ ಬಿತ್ತು. ಸತ್ತವರು 492 ಜನ.

ಉಳಿದವರಿಗೆ ಸುಟ್ಟ ಗಾಯ ಕೀವಾಗುವ ಭಯ. ಪೆನಿಸಿಲಿನ್ ಆಗಿನ್ನೂ ಅಂಗಡೀಲಿ ಸಿಗ್ತಿರಲಿಲ್ಲ. ಮರ್ಕ್ ಕಂಪನಿ ನ್ಯೂಜೆರ್ಸಿಯಿಂದ 32 ಲೀಟರ್ ದ್ರಾವಣ ಕಳಿಸ್ತು.

'ಪವಾಡ ಆಯ್ತು' ಅಂತ ಕಥೆ ಕೇಳಿರ್ತೀರ. ನಿಜ ಅಷ್ಟು ಸರಳ ಅಲ್ಲ. ಕೊಟ್ಟಿದ್ದು ಒಂದು ಸಲಕ್ಕೆ ಕೆಲವೇ ಸಾವಿರ ಯೂನಿಟ್. ಇವತ್ತು ಲಕ್ಷಗಟ್ಟಲೆ ಕೊಡ್ತಾರೆ. ಜೊತೆಗೆ ಸಲ್ಫಾ ಔಷಧಿಯೂ ಇತ್ತು. ಯಾವುದು ಉಳಿಸ್ತು ಅಂತ ಹೇಳೋದು ಕಷ್ಟ.

1970ರ ದಶಕದಲ್ಲಿ ವೈದ್ಯರು ಸುಟ್ಟ ರೋಗಿಗಳ ರಕ್ತದಲ್ಲಿ ಜೆಂಟಾಮೈಸಿನ್ ಅಳೆದು ನೋಡಿದ್ರು. ಮಾಮೂಲಿ ಡೋಸ್ ಹಲವರಿಗೆ ಸಾಕಾಗ್ತಿರಲಿಲ್ಲ! ಯಾಕೆ? ದೊಡ್ಡ ಸುಟ್ಟ ಗಾಯ ಆದ ಕೆಲ ದಿನಕ್ಕೆ ಹೃದಯ ಜೋರಾಗಿ ದುಡಿಯುತ್ತೆ, ಮೂತ್ರಪಿಂಡ ಔಷಧಿಯನ್ನ ಬೇಗ ಹೊರಹಾಕುತ್ತೆ. ಆದ್ರೆ ಮೂತ್ರಪಿಂಡ ಸೋತವರಿಗೆ ಅದೇ ಡೋಸ್ ಜಾಸ್ತಿಯಾಗಿ ಕಿವಿಯನ್ನೇ ಕೆಡಿಸಬಹುದು.

ಅದಕ್ಕೇ ಈಗ ಇಂಥ ಔಷಧಿ ಕೊಡುವಾಗ ರಕ್ತ ಪರೀಕ್ಷಿಸಿ ಡೋಸ್ ಹೊಂದಿಸ್ತಾರೆ. ಔಷಧಿ ಕಂಡುಹಿಡಿದವರ ಹೆಸರು ನಮಗೆಲ್ಲ ಬಾಯಿಪಾಠ. ಅಳತೆ ಕಲಿಸಿದ್ದು ಮಾತ್ರ ಹಾಸಿಗೆ ಮೇಲೆ ನರಳಿದ ರೋಗಿಗಳು.

ಭಾಗ 4ರಲ್ಲಿ ಸಿಗೋಣ. ಮೆಡಿಕಲ್, ಫಾರ್ಮಸಿ ಓದ್ತಿರೋ ಗೆಳೆಯರಿಗೆ ಕಳಿಸಿ.