ದಂಡಶಕ್ತಿಯೂ ವಿದ್ಯಾಂಗಣವೂ: ರಾಘವನ್ ಸಮಿತಿಯ ಪರಿಣಾಮವನ್ನು ಕುರಿತ ಪುನರ್ವಿಚಾರ

ಪೊಲೀಸ್ ಸೇವೆಯ ಉನ್ನತ ಪದವಿಗಳನ್ನೇರಿ, 1999ರಿಂದ 2001ರವರೆಗೆ ಸಿ.ಬಿ.ಐ. ನಿರ್ದೇಶಕರಾಗಿದ್ದ ಆರ್. ಕೆ. ರಾಘವನ್ ಅವರು, ನಿವೃತ್ತಿಯ ತರುವಾಯ, ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾದ ರ‍್ಯಾಗಿಂಗ್ ನಿವಾರಣಾ ಸಮಿತಿಯ ಅಧ್ಯಕ್ಷರಾಗಿ 2007ರಲ್ಲಿ ವರದಿಯನ್ನೊಪ್ಪಿಸಿದುದೂ, ತದನಂತರ 2009ರ ಜೂನ್ ತಿಂಗಳಲ್ಲಿ ಯು.ಜಿ.ಸಿ.ಯು ನಿಯಮಾವಳಿಯನ್ನು ಹೊರಡಿಸಿದುದೂ ಸುವಿದಿತ. ಕರ್ನಾಟಕದ 1983ರ ಶಿಕ್ಷಣ ಅಧಿನಿಯಮವು ರ‍್ಯಾಗಿಂಗನ್ನು ಅದಕ್ಕೆ ಮೊದಲೇ ದಂಡಾರ್ಹವೆಂದು ಗಣಿಸಿದ್ದಿತು. ಇಷ್ಟರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಪೊಲೀಸ್ ಮುಖಂಡರೊಬ್ಬರು ಶಿಕ್ಷಣಕ್ಷೇತ್ರವನ್ನು ಪ್ರವೇಶಿಸಿದುದರ ಫಲವಾಗಿ ಠಾಣೆಯೇ ಕಾಲೇಜಿನೊಳಕ್ಕೆ ಬಂದಿತೆಂಬ ಪ್ರಚಲಿತ ಮತವಾದರೋ ಪರಿಶೀಲನೆಗೆ ಅರ್ಹವಾದುದು. ಅದಕ್ಕೆ ಆಧಾರವಿಲ್ಲದಿಲ್ಲ. ರ‍್ಯಾಗಿಂಗ್ ಕುರಿತ 2001ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂಸ್ಥೆಯ ಮುಖ್ಯಸ್ಥರು ಕರೆದಾಗ ಮಾತ್ರ ಪೊಲೀಸರು ಆವರಣವನ್ನು ಪ್ರವೇಶಿಸತಕ್ಕದ್ದೆಂದೂ, ತಾವು ವ್ಯವಹರಿಸುತ್ತಿರುವುದು ವಿದ್ಯಾರ್ಥಿಗಳೊಡನೆಯೇ ಹೊರತು ಪಾತಕಿಗಳೊಡನಲ್ಲವೆಂಬುದನ್ನು ಮರೆಯತಕ್ಕದ್ದಲ್ಲವೆಂದೂ ವಿಧಿಸಿದ್ದಿತು. 2009ರ ನಿಯಮಾವಳಿಯಾದರೋ, ದಂಡನೀಯ ಅಪರಾಧವು ಕಂಡುಬಂದಲ್ಲಿ 24 ಗಂಟೆಗಳೊಳಗಾಗಿ ಎಫ್.ಐ.ಆರ್. ದಾಖಲಿಸುವ ಹೊಣೆಯನ್ನು ಮುಖ್ಯಸ್ಥರ ಮೇಲೆಯೇ ಹೊರಿಸಿತು.

ಆದರೆ ಅದೇ ನಿಯಮಾವಳಿಯ 6.3ನೆಯ ಖಂಡವನ್ನು ಸಾವಧಾನವಾಗಿ ಓದಿದರೆ ಬೇರೊಂದು ವಿನ್ಯಾಸವು ಗೋಚರಿಸುತ್ತದೆ. ಪ್ರತಿಯೊಂದು ಕಾಲೇಜಿನ ರ‍್ಯಾಗಿಂಗ್ ನಿಗ್ರಹ ಸಮಿತಿಯಲ್ಲಿ ಪೊಲೀಸ್ ಆಡಳಿತದ ಪ್ರತಿನಿಧಿಗೆ ಪಾಲಕರು, ಅಧ್ಯಾಪಕರು, ಹೊಸಬರು, ಹಿರಿಯ ವಿದ್ಯಾರ್ಥಿಗಳು ಮೊದಲಾದವರೊಡನೆ ಸ್ಥಾನವುಂಟು. ಹಗಲಿರುಳೂ ಎಚ್ಚರದಿಂದಿದ್ದು ಗಸ್ತು ತಿರುಗಬೇಕಾದ ನಿಗ್ರಹ ದಳದಲ್ಲಿಯಾದರೋ ಕಾಲೇಜಿನವರಲ್ಲದೆ ಹೊರಗಿನವರೊಬ್ಬರೂ ಇರಕೂಡದು. ಸಮಾಲೋಚನೆಯಲ್ಲಿ ಪೊಲೀಸರಿಗೆ ಪ್ರವೇಶವಿದೆ, ಪಹರೆಯಲ್ಲಿಲ್ಲ. ಆದುದರಿಂದ ಬಂದುದು ಠಾಣೆಯಲ್ಲ, ಠಾಣೆಯ ಶಿಸ್ತು: ಗಸ್ತು, ದಾಖಲೆ, ಕಾಲಮಿತಿ ಎಂಬ ಪೊಲೀಸ್ ವೃತ್ತಿಯ ಮೂರು ಅಭ್ಯಾಸಗಳು ಅಧ್ಯಾಪಕರ ಕೈಗೆ ಹಸ್ತಾಂತರವಾದುವೆನ್ನುವುದು ಹೆಚ್ಚು ಸಮಂಜಸವೆಂದು ತೋರುತ್ತದೆ.

ಈ ಮಾತಿಗೆ ಕೆಲವು ಮಿತಿಗಳನ್ನು ಹೇಳಿಕೊಳ್ಳುವುದು ಉಚಿತ. ನಿಯಮಾವಳಿಯು ಯು.ಜಿ.ಸಿ.ಯದು, ಅದರ ಪ್ರತಿಯೊಂದು ವಾಕ್ಯವನ್ನೂ ರಾಘವನ್ ಅವರ ವೃತ್ತಿಸಂಸ್ಕಾರಕ್ಕೆ ಆರೋಪಿಸುವುದು ಸಲ್ಲದು. ಅವರ ಸಮಿತಿಯಲ್ಲಿ ಅನ್ಯರೂ ಇದ್ದರು, ನ್ಯಾಯಾಲಯದ ಒತ್ತಾಯವೂ ಇದ್ದಿತು. ವಿಧಿಯ ವಿನ್ಯಾಸವು ಆಚರಣೆಗೆ ಪ್ರಮಾಣವೂ ಅಲ್ಲ.

ಆಚರಣೆಯ ಪ್ರಶ್ನೆಯು ಮಂಡ್ಯ ಸೀಮೆಯಲ್ಲಿ ವಿಶೇಷವಾಗಿ ತೊಡಕಿನದು. ಮಂಡ್ಯದ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹಾಸ್ಟೆಲುಗಳಿರುವುದರಿಂದ ದಳಕ್ಕೆ ಕಾಯಬೇಕಾದ ಸ್ಥಳವು ಸ್ಪಷ್ಟವಾಗಿದೆ. ಮಳವಳ್ಳಿಯಿಂದ ಭಾರತೀನಗರದ ಮಾರ್ಗವಾಗಿ ಮದ್ದೂರಿಗೆ ಬೆಳಗಿನ ಬಸ್ಸುಗಳಲ್ಲಿ ಓಡಾಡುವ ವಿದ್ಯಾರ್ಥಿಗಳ ಪಾಡೇನು? ನಿಯಮಾವಳಿಯ ವ್ಯಾಪ್ತಿಯು ವಿದ್ಯಾರ್ಥಿಗಳು ಬಳಸುವ ಸಾರ್ವಜನಿಕ ವಾಹನಗಳಿಗೂ ಚಾಚಿದೆ. ಕಾಲೇಜಿನವರಿಂದಲೇ ರಚಿತವಾದ ದಳವು ಆ ಬಸ್ಸನ್ನೇರಿ ಕಾಯುವುದು ಸುಸಾಧ್ಯವಲ್ಲ. ಅಲ್ಲಿ ಹೊಣೆಯು ಪ್ರಾಂಶುಪಾಲರಿಂದ ಮರಳಿ ಠಾಣೆಗೇ ಸೇರುವುದೋ, ಅಥವಾ ಕಂಡಕ್ಟರನ್ನೂ ಒಳಗೊಂಡ ಮೂರನೆಯ ವ್ಯವಸ್ಥೆಯೊಂದು ಬೇಕಾಗುವುದೋ ಎಂಬುದನ್ನು ಮಂಡ್ಯ, ಮಳವಳ್ಳಿ, ಮದ್ದೂರು ಎಂಬ ಈ ಮೂರು ತಾಲ್ಲೂಕುಗಳ ಕಾಲೇಜು ಸಮಿತಿಗಳ ನಡವಳಿಗಳನ್ನು ಪರಿಶೀಲಿಸಿದಲ್ಲದೆ ನಿರ್ಣಯಿಸಲಾಗದು.