ಪಾಂಪೆಯ ಒಲೆ

ಪಿಜ್ಜಾಕ್ಕೆಂದು ಹಿತ್ತಲಲ್ಲಿ ಸೌದೆ ಒಲೆ ಕಟ್ಟಿಕೊಳ್ಳೋ ಅಮೆರಿಕದ ಹವ್ಯಾಸಿಗಳು ಇಟ್ಟಿಗೆ ಗುಮ್ಮಟದ ಒಲೆಗೆ 'ಪಾಂಪೆ ಒಲೆ' ಅಂತಾರೆ. ಹೆಸರು ಸುಮ್ಮನೆ ಬಂದದ್ದಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಹೂತುಹೋದ ಇಟಲಿಯ ಆ ಊರಲ್ಲಿ ಮೂವತ್ತಕ್ಕೂ ಹೆಚ್ಚು ಬೇಕರಿಗಳಿದ್ದವು. ಗುಮ್ಮಟದೊಳಗೇ ಬೆಂಕಿ ಹಾಕಿ, ಇಟ್ಟಿಗೆ ಕಾದಮೇಲೆ ಕೆಂಡ ಗುಡಿಸಿ, ಉಳಿದ ಕಾವಲ್ಲೇ ಬ್ರೆಡ್ ಬೇಯಿಸೋದು. 1862ರಲ್ಲಿ ಅಗೆದಾಗ ಒಂದು ಒಲೆಯೊಳಗೆ 81 ಬ್ರೆಡ್ಡುಗಳು ಇದ್ದಿಲಾಗಿ ಕೂತಿದ್ದವು! (ಪಿಜ್ಜಾ ಅಲ್ಲ ಬಿಡಿ, ಟೊಮೆಟೊ ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ.)

ಈ ಹೆಸರನ್ನ ಅಷ್ಟು ಖುಷಿಯಿಂದ ಇಟ್ಟುಕೊಳ್ಳೋ ಮುಂಚೆ 2023ರಲ್ಲಿ ಅಲ್ಲೇ ಸಿಕ್ಕ ಇನ್ನೊಂದು ಬೇಕರಿ ನೋಡಬೇಕು. ಎತ್ತರದಲ್ಲಿ ಪುಟ್ಟ ಕಿಟಕಿ, ಅದಕ್ಕೂ ಕಬ್ಬಿಣದ ಸರಳು. ಬೀದಿಗೆ ಬಾಗಿಲೇ ಇಲ್ಲ. ಗುಲಾಮರನ್ನೂ ಕತ್ತೆಗಳನ್ನೂ ಒಟ್ಟಿಗೇ ಕೂಡಿಹಾಕಿ ಹಿಟ್ಟು ಬೀಸಿಸ್ತಿದ್ದರು ಅಂತಾರೆ ಉತ್ಖನನ ಮಾಡಿದವರು. ಕಣ್ಣು ಕಟ್ಟಿದ ಕತ್ತೆ ಹೆಜ್ಜೆ ತಪ್ಪದಿರಲಿ ಅಂತ ಬೀಸುಕಲ್ಲಿನ ಸುತ್ತ ನೆಲಕ್ಕೆ ಹಾಸಿದ ಕಲ್ಲಲ್ಲಿ ಕುಳಿ ಕೊರೆದಿದ್ದರಂತೆ.