ಗಿಟಾರಿನ ಉಬ್ಬು, ಮುಂಬಯಿಯ ಮೀಂಡ್

ಧೋಬಿ ತಲಾವಿನ ಜೇರ್ ಮಹಲ್ ಕಟ್ಟಡದ ವಾದ್ಯದಂಗಡಿಗೆ ಹೋಗಿ ಹಳೆಯ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಹೊರಟವರಿಗೆ ಬಣ್ಣ, ಬೆಲೆಗಳ ಜೊತೆ ಇನ್ನೊಂದು ಅಂಕಿಯೂ ಎದುರಾಗುತ್ತದೆ: 7.25, 9.5, 12. ಅದು ಫ್ರೆಟ್‌ಬೋರ್ಡಿನ ರೇಡಿಯಸ್, ಇಂಚುಗಳಲ್ಲಿ. ಬೆರಳೊತ್ತುವ ಆ ಮರದ ಪಟ್ಟಿ ಅಡ್ಡಕ್ಕೆ ತುಸು ಉಬ್ಬಿರುತ್ತದೆ. ಆ ಉಬ್ಬು ಯಾವ ವೃತ್ತದ ತುಣುಕೋ ಅದರ ತ್ರಿಜ್ಯವೇ ಈ ಅಂಕಿ. ಅಂಕಿ ಚಿಕ್ಕದಾದಷ್ಟೂ ಉಬ್ಬು ಹೆಚ್ಚು. (ಪಟ್ಟಿ ರೋಸ್‌ವುಡ್ಡಿನದಾದರೆ ಅದು ನಮ್ಮ ಮಲೆನಾಡಿನ ಬೀಟೆಯೂ ಆಗಿರಬಹುದು.)

ಫೆಂಡರ್ ಕಂಪನಿಯ 1954ರ ಸ್ಟ್ರಾಟೋಕಾಸ್ಟರಿನದು 7.25. ಗಿಬ್ಸನ್ನಿನವರು 1952ರಲ್ಲಿ ತಂದ ಲೆಸ್ ಪಾಲ್‌ನದು 12. ಆ ದಿನಗಳಲ್ಲಿ ತಂತಿಗಳು ದಪ್ಪ, ಕೆಲಸ ಹೆಚ್ಚಾಗಿ ಕಾರ್ಡ್ ಹಿಡಿಯುವುದು. ಮಡಚಿದ ಬೆರಳುಗಳಿಗೆ ಉಬ್ಬಿದ ಪಟ್ಟಿಯೇ ಹಿತ. ಲಿಯೋ ಫೆಂಡರ್ ಗಿಟಾರ್ ತಯಾರಿಕೆ ಶುರುಮಾಡಿದ್ದು ತೊಡೆಯ ಮೇಲೆ ಮಲಗಿಸಿ ನುಡಿಸುವ ಸ್ಟೀಲ್ ಗಿಟಾರುಗಳಿಂದ ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂಬಯಿಯ ಕತೆ ಅಲ್ಲಿಗೇ ಹೋಗಿ ಸೇರುತ್ತದೆ.

ನಮ್ಮ ಕಿವಿಗೆ ಹಾಡೆಂದರೆ ಸ್ವರದಿಂದ ಸ್ವರಕ್ಕೆ ಜಾರುವುದು. ಫ್ರೆಟ್ಟುಗಳಿರುವ ವಾದ್ಯ ಅದನ್ನು ಸುಲಭವಾಗಿ ಕೊಡದು. ಹಾಗಾಗಿ ಮುಂಬಯಿಯಲ್ಲಿ ಚಿತ್ರಗೀತೆಯ ಧಾಟಿಯನ್ನು ನುಡಿಸುವ ಗಿಟಾರ್ ಎಂದರೆ ಬಹುಕಾಲ ಹವಾಯಿಯನ್ ಗಿಟಾರೇ. ವ್ಯಾನ್ ಶಿಪ್ಲಿ, ಎಸ್. ಹಜಾರಾ ಸಿಂಗ್ ರೆಕಾರ್ಡುಗಳಲ್ಲಿ ಕೇಳುವುದು ಅದನ್ನೇ. ತಂತಿಯ ಮೇಲೆ ಉಕ್ಕಿನ ತುಂಡು ಜಾರುತ್ತದೆ, ಫ್ರೆಟ್ಟುಗಳು ಬರಿಯ ಗುರುತು. ಅಲ್ಲಿ ತಂತಿಗಳೆಲ್ಲ ಒಂದೇ ಮಟ್ಟದಲ್ಲಿರಬೇಕು. ಉಬ್ಬು ಬೇಡವೇ ಬೇಡ. 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಬ್ರಿಜ್‌ಭೂಷಣ್ ಕಾಬ್ರಾ ಶಾಸ್ತ್ರೀಯ ಸಂಗೀತಕ್ಕೆ ಗಿಟಾರ್ ತಂದದ್ದೂ ಹೀಗೆ ಜಾರಿಸಿಯೇ. ನನ್ನ ಪ್ರಕಾರ ಇದು ಅನುಕರಣೆಯಲ್ಲ, ಜಾಣ ಆಯ್ಕೆ.

ಎದೆಗಾನಿಸಿ ನುಡಿಸುವ ಗಿಟಾರ್ ಹಿಂದಿ ಹಾಡಿನಲ್ಲಿ ಮುಂದಕ್ಕೆ ಬಂದದ್ದಕ್ಕೆ ಗುರುತು ಬೇಕಿದ್ದರೆ 1971ರ ‘ದಮ್ ಮಾರೋ ದಮ್’ ಕೇಳಬಹುದು. ಅಲ್ಲಿ ಗಿಟಾರ್ ಹಿಡಿದವರು ಗಾಯಕ ಭೂಪಿಂದರ್ ಸಿಂಗ್. ಹೊತ್ತಿಗೆ ಸರಿಯಾಗಿ ತೆಳು ತಂತಿಗಳೂ ಬಂದಿದ್ದವು, ಎಳೆದು ಸ್ವರ ಏರಿಸುವುದು ರಾಕ್ ವಾದಕರಿಗೆ ಅಭ್ಯಾಸವಾಗಿತ್ತು. ತೊಡಕು ಶುರುವಾಗುವುದೇ ಇಲ್ಲಿ. ಹನ್ನೆರಡನೆಯ ಫ್ರೆಟ್ಟಿನ ಬಳಿ ಪಟ್ಟಿಯ ಅಗಲ ಸುಮಾರು 52 ಮಿ.ಮೀ. ರೇಡಿಯಸ್ 7.25 ಆದರೆ ಅಲ್ಲಿ ಅಂಚಿಗಿಂತ ನಡು ಸುಮಾರು 1.8 ಮಿ.ಮೀ. ಎತ್ತರ; 12 ಆದರೆ 1.1 ಅಷ್ಟೆ. ಅಂಚಿನ ತಂತಿಯನ್ನು ನಡುವಿಗೆ ತಳ್ಳಿದರೆ ಅದು ಆ ದಿಬ್ಬ ಹತ್ತಬೇಕು. ಹತ್ತುವಾಗ ಮುಂದಿನ ಫ್ರೆಟ್ಟಿಗೆ ತಗಲಿ ನಾದ ಸತ್ತುಹೋಗುತ್ತದೆ. ಫೆಂಡರಿನವರೂ ಮುಂದೆ ತಮ್ಮ ಆಧುನಿಕ ಮಾದರಿಗಳಲ್ಲಿ 9.5ಕ್ಕೆ ಬಂದರು.

ಈಗ ಹಳೆಯ ವೇಷದ ಗಿಟಾರುಗಳಲ್ಲಿ ಎರಡೂ ಸಿಗುತ್ತವೆ. ಸ್ಕ್ವಯರ್ ಕ್ಲಾಸಿಕ್ ವೈಬ್ ನೋಡಲು ಐವತ್ತರ ದಶಕದ್ದು, ಉಬ್ಬು ಮಾತ್ರ 9.5. ಮೀಂಡಿನ ಆಸೆಯಿದ್ದವರಿಗೆ ನಾನು ಅದನ್ನೇ ಹೇಳುತ್ತೇನೆ. ಬರೀ ಕಾರ್ಡ್ ಹಿಡಿಯುವವರಿಗೆ 7.25 ನಿಜಕ್ಕೂ ಸುಖ.

ಆದರೆ ಅಸಲಿ ಹಳೆಯ ಗಿಟಾರ್ ಕೈಗೆ ಬಂದವರು ಉಬ್ಬನ್ನು ಉಜ್ಜಿಸಿ 9.5 ಮಾಡಿಸಲು ಅವಸರಪಡಬಾರದು. ನಡುವಿನಲ್ಲಿ ಹೋಗುವುದು ಅರ್ಧ ಮಿ.ಮೀ.ಗೂ ಕಡಿಮೆ ಮರ, ನಿಜ. ಆದರೆ 1962ರ ನಂತರದ ಫೆಂಡರುಗಳಲ್ಲಿ ರೋಸ್‌ವುಡ್ಡಿನ ಪದರವೇ ಬಹಳ ತೆಳು, ಹೋದದ್ದು ಮರಳಿ ಬರದು. ಮೊದಲು ತಂತಿಗಳನ್ನು ಬ್ರಿಡ್ಜಿನಲ್ಲಿ ಕೂದಲೆಳೆಯಷ್ಟು ಎತ್ತರಿಸಿ, ಹದಿನೈದನೆಯ ಫ್ರೆಟ್ಟಿನಲ್ಲಿ ಮೊದಲ ತಂತಿಯನ್ನು ಒಂದು ಪೂರ್ಣ ಸ್ವರ ಎಳೆದು ನೋಡಿ.